ಹುಲ್ಲು ತುಳಿಯುವ ಹಕ್ಕು

ರೆಜ್ ಆಕ್‌ವೆಲ್ ವಿಲ್ಟ್‌ಶೈರಿನ ಆ ಹಳೆಯ ವಸತಿ ಶಾಲೆಗೆ ಮಾಲಿಯಾಗಿ ಸೇರಿದ್ದು ಹದಿನಾರನೇ ವಯಸ್ಸಿಗೆ. ಅಲ್ಲಿಂದ ನಲವತ್ತೊಂಬತ್ತು ವರ್ಷ ಅವನು ಮಗುವಿನಂತೆ ಸಾಕಿದ್ದು ನಡುವಣ ಅಂಗಳದ ಹುಲ್ಲನ್ನು. ಅದರ ಮೇಲೆ ನಡೆಯುವ ಹಕ್ಕು ಮೇಷ್ಟರುಗಳಿಗೆ ಮತ್ತು ಕೊನೇ ವರ್ಷದ ಹನ್ನೆರಡು ಹುಡುಗರಿಗೆ ಮಾತ್ರ. ಯಾವ ರಾಜನ ಕಾಲದ ಪದ್ಧತಿಯೋ! ಆಕ್‌ವೆಲ್ ಕೈಯಲ್ಲಿ ಹುಲ್ಲು ಕತ್ತರಿಸುವ ಯಂತ್ರ ಇದ್ದರೆ ಇಳಿಯಬಹುದು. ಇಲ್ಲದಿದ್ದರೆ ಕಲ್ಲುಹಾಸಿನ ಮೇಲೆ ಸುತ್ತಿಕೊಂಡೇ ಹೋಗಬೇಕು. ಒಮ್ಮೆ ಗಾಳಿಗೆ ಹಾರಿದ ಟೋಪಿ ಹಿಡಿಯಲು ಎರಡು ಹೆಜ್ಜೆ ಇಟ್ಟದ್ದಕ್ಕೆ, ಇನ್ನೂ ಮೀಸೆ ಮೂಡದ ಹುಡುಗನೊಬ್ಬ, "ಏಯ್ ಆಕ್‌ವೆಲ್, ಎಲ್ಲಯ್ಯಾ ನಿನ್ ಯಂತ್ರ?" ಎಂದು ಗದರಿಸಿದ್ದ. ಅವನು ಹಲ್ಲು ಕಚ್ಚಿಕೊಂಡು ಹಿಂದೆ ಸರಿದಿದ್ದ.

ಹೆಂಡತಿ ಮೇವಿಸ್ ಅಲ್ಲೇ ಬಟ್ಟೆ ಒಗೆಯುವ ಮನೆಯಲ್ಲಿ ಕೆಲಸಕ್ಕಿದ್ದಳು. "ಆ ಹುಲ್ಲನ್ನೇ ಕಟ್ಕೋಬೇಕಿತ್ತು ನೀನು. ನನ್ ತಲೆ ಕಡೆ ಒಂದಿನ ನೋಡ್ಲಿಲ್ಲ, ಅದಕ್ಕಾದ್ರೆ ವಾರಕ್ಕೆರಡು ಸಲ ಕ್ಷೌರ!" ಎಂದು ಛೇಡಿಸುತ್ತಿದ್ದಳು.

ನಿವೃತ್ತಿಗೆ ವಾರ ಇರುವಾಗ ಮುಖ್ಯೋಪಾಧ್ಯಾಯ ಲ್ಯಾತ್‌ಬರಿ ಕರೆದು ಹೇಳಿದರು. "ನೋಡು ಆಕ್‌ವೆಲ್, ಇದುವರೆಗೂ ಯಾವ ಕೆಲಸದವನಿಗೂ ಸಿಗದ ಗೌರವ. ಶನಿವಾರದಿಂದ ನೀನೂ ಅಂಗಳ ದಾಟಬಹುದು."

ಆಕ್‌ವೆಲ್‌ಗೆ ಮೈಯೆಲ್ಲ ಉರಿಯಿತು. ಅಟ್ಟ ಮೇಲೆ ಒಲೆ ಉರಿಯಿತಂತೆ! ಈ ಗೌರವವನ್ನು ಎಲ್ಲರೆದುರು ಇವರ ಮುಖಕ್ಕೇ ಎಸೆಯುತ್ತೇನೆ ಎಂದು ಆಗಲೇ ನಿಶ್ಚಯಿಸಿಕೊಂಡ.

ಶನಿವಾರ ಮುನ್ನೂರು ಹುಡುಗರು ಅಂಗಳದ ಸುತ್ತ ಸಾಲುಗಟ್ಟಿದರು. ಆಚೆ ತುದಿಯಿಂದ ಲ್ಯಾತ್‌ಬರಿ ಕೈ ಬೀಸಿದರು. "ಬಾ ಆಕ್‌ವೆಲ್, ದಾಟಿ ಬಾ!"

ಆಕ್‌ವೆಲ್ ಹುಲ್ಲಿನ ಅಂಚಿನಲ್ಲೇ ನಿಂತ.

"ಬರಲ್ಲ ಸಾರ್. ನಿಮ್ ಹಕ್ಕು ನೀವೇ ಇಟ್ಕೊಳ್ಳಿ. ನಾಲ್ಕು ವರ್ಷದ ಹಿಂದೆ ಬೇಕಿತ್ತು ನನಗದು. ಮೇವಿಸ್ ಅಗೋ, ಆ ಬಾಗಿಲ ಹತ್ರ ಎದೆ ಹಿಡ್ಕೊಂಡು ಬಿದ್ದಿದ್ಲು. ನಾನು ಇಲ್ಲೇ ನಿಂತಿದ್ದೆ. ಓಡ್ದೆ. ಕಲ್ಲುಹಾಸಿನ ಮೇಲೆ, ಸುತ್ತಿ ಬಳಸಿ ಓಡ್ದೆ! ನಾನು ಸುತ್ಕೊಂಡು ಬರೋದನ್ನ ನೋಡ್ತಾನೇ ಇದ್ಲಂತೆ, ಏನೋ ಹೇಳ್ಬೇಕು ಅಂತಿದ್ಲಂತೆ. ನಾನು ಮುಟ್ಟೋ ಹೊತ್ಗೆ ಕಣ್ಣು ಮುಚ್ಚಿತ್ತು."

ಲ್ಯಾತ್‌ಬರಿ ತಾವೇ ಹುಲ್ಲು ದಾಟಿ ಅವನ ಬಳಿಗೆ ಬಂದರು. ಮುಖ ಕಪ್ಪಿಟ್ಟಿತ್ತು.

"ಅಯ್ಯೋ, ಅಂಥಾ ಹೊತ್ತಲ್ಲಿ ನಿನ್ನ ಯಾರು ತಡೀತಿದ್ರು ಆಕ್‌ವೆಲ್?"

"ಯಾರೂ ತಡೀಲಿಲ್ಲ ಸಾರ್," ಎಂದ ಆಕ್‌ವೆಲ್. "ಅದಕ್ಕೇ ನನ್ ಹೊಟ್ಟೆ ಉರಿಯೋದು. ನನ್ ಹೆಂಡ್ತಿ ಸಾಯ್ತಾ ಇದ್ಲು, ನಾನು ನಿಮ್ ಹುಲ್ಲು ಉಳಿಸ್ದೆ."