ಪುನರ್ಪುಳಿಯ ಫ್ಲಾಸ್ಕ್

ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಮೊಮ್ಮಗಳು ಕಲಿಸಿಕೊಟ್ಟು ಹದಿನೈದು ದಿನವಾಯಿತು. ಏನಾದರೂ ಬರೆಯಿರಿ ಅಜ್ಜಿ ಎಂದಳು. ನನ್ನ ಕಳ್ಳತನವನ್ನೇ ಬರೆಯುತ್ತೇನೆ. ಸಿಕ್ಕಿಬಿದ್ದದ್ದು ಒಂದೇ ಸಲ, ಹಾಗಾಗಿ ಬರೆಯಲು ಸುಲಭ.

ತೊಂಬತ್ತನೇ ಇಸವಿಯ ಜುಲೈ. ನಾವು ಗಂಡ ಹೆಂಡತಿ ಇಬ್ಬರೂ ಕುವೈತಿನ ಸಾಲ್ಮಿಯಾದಲ್ಲಿದ್ದೆವು. ಇವರಿಗೆ ಮಿರ್ಕಾಬಿನ ಒಂದು ಆಫೀಸಿನಲ್ಲಿ ಕೆಲಸ. ಕೆಲವು ತಿಂಗಳಿಂದ ಇವರಿಗೆ ಮಲದಲ್ಲಿ ರಕ್ತ ಹೋಗುತ್ತಿತ್ತು. ಮೂಲವ್ಯಾಧಿ ಎಂದು ತಾವೇ ತೀರ್ಮಾನಿಸಿ, ನನಗೆ ಹೇಳದೆ ಮಜ್ಜಿಗೆ ಕುಡಿದುಕೊಂಡಿದ್ದರು. ಆಸ್ಪತ್ರೆಯಲ್ಲಿ ಕೊಳವೆ ಹಾಕಿ ನೋಡಿದಾಗ ದೊಡ್ಡ ಕರುಳಿನಲ್ಲಿ ತೊಟ್ಟಿನಲ್ಲಿ ತೂಗುವ ನೇರಳೆ ಹಣ್ಣಿನಂಥ ಗಡ್ಡೆ ಕಂಡಿತು. ಹೊಟ್ಟೆ ಕೊಯ್ಯುವುದು ಬೇಡ, ಅದೇ ಕೊಳವೆಯೊಳಗಿಂದ ತಂತಿಯ ಉರುಳು ಇಳಿಸಿ, ತೊಟ್ಟಿಗೆ ಬಿಗಿದು, ಕರೆಂಟು ಹಾಯಿಸಿ ಕತ್ತರಿಸಬಹುದು ಎಂದರು ಈಜಿಪ್ಟಿನ ಡಾಕ್ಟರು. ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದು ತೆಗೆದು ಪರೀಕ್ಷೆ ಮಾಡಿದ ಮೇಲೆಯೇ ಗೊತ್ತಾಗುವುದು. ಬೇಗ ಬನ್ನಿ, ಆಮೇಲೆ ನಾನು ಎರಡು ತಿಂಗಳು ರಜೆ ಎಂದೂ ಹೇಳಿದರು.

ಅಲ್ಲಿನ ನರ್ಸ್ ನಮ್ಮ ಮಂಗಳೂರಿನ ಹುಡುಗಿ. ಹಿಂದಿನ ದಿನ ಊಟ ಇಲ್ಲ, ಹೊಟ್ಟೆ ತೊಳೆಯುವ ಔಷಧಿ ಮತ್ತು ಆಚೆ ಬದಿ ಕಾಣುವಂಥ ತಿಳಿನೀರು ಮಾತ್ರ, ಬಣ್ಣದ ಶರಬತ್ತು ಮುಟ್ಟಲೇಬಾರದು ಎಂದು ಎರಡೆರಡು ಸಲ ಹೇಳಿ ಕಳಿಸಿದ್ದಳು.

ಔಷಧಿಯ ನೀರು ಸಮುದ್ರದ ನೀರಿನ ಹಾಗಿತ್ತು. ಎರಡನೇ ಲೋಟಕ್ಕೇ ಇವರು ಗೋಡೆ ಕಡೆ ತಿರುಗಿ ಮಲಗಿದರು. ನೋಡಿ ಪಾಪ ಅನಿಸಿತು. ಊರಿಂದ ತಂದ ಪುನರ್ಪುಳಿಯ, ಅಂದರೆ ಕೋಕಂ ಹಣ್ಣಿನ, ಒಣಸಿಪ್ಪೆ ನೆನೆಹಾಕಿ, ಸಕ್ಕರೆ ಬೆರೆಸಿ, ಬಟ್ಟೆಯಲ್ಲಿ ಸೋಸಿದೆ. ಲೋಟವನ್ನು ಕಿಟಕಿಗೆ ಹಿಡಿದರೆ ಆಚೆ ಸಮುದ್ರ ಕಾಣುತ್ತಿತ್ತು, ಕೆಂಪಗೆ. ಬಣ್ಣದ ಶರಬತ್ತು ಅಂದರೆ ಅಂಗಡಿಯದ್ದು, ಇದರ ಬಣ್ಣ ದೇವರು ಹಾಕಿದ್ದು ಎಂದು ನನ್ನಷ್ಟಕ್ಕೆ ತೀರ್ಮಾನಿಸಿದೆ. ನಾಲ್ಕು ಲೋಟ ಔಷಧಿಗೆ ಒಂದು ಲೋಟ ಪುನರ್ಪುಳಿ ಎಂದು ಒಪ್ಪಂದವಾಯಿತು. ಬೆಳಿಗ್ಗೆಯೂ ಒಂದು ಲೋಟ ಇಳಿಯಿತು. ಉಳಿದದ್ದನ್ನು ಫ್ಲಾಸ್ಕಿಗೆ ತುಂಬಿ ಚೀಲದಲ್ಲಿಟ್ಟುಕೊಂಡೆ.

ಇವರನ್ನು ಒಳಗೆ ಕರೆದೊಯ್ದು ಸ್ವಲ್ಪ ಹೊತ್ತಿಗೆ ನರ್ಸ್ ಹೊರಗೆ ಬಂದಳು.

"ಅಕ್ಕ, ಅವ್ರಿಗೆ ಎಂಥ ಕೊಟ್ಟದ್ದು ನೀವು?"

"ನೀರು."

"ನೀರು ಮಾತ್ರವಾ?"

"ನೀರೇ ಮಾರಾಯ್ತಿ."

ಅವಳು ನನ್ನ ಪಕ್ಕ ಕೂತು ದನಿ ತಗ್ಗಿಸಿದಳು. ಕರುಳಿನೊಳಗೆಲ್ಲ ಕೆಂಪು ನೀರಂತೆ. ಇವರನ್ನು ಕೇಳೋಣವೆಂದರೆ ಇಂಜೆಕ್ಷನ್ನಿನ ಮಂಪರಂತೆ. ಮೇಲೆಲ್ಲೋ ರಕ್ತ ಒಸರುತ್ತಿದೆ ಎಂದು ಡಾಕ್ಟರಿಗೆ ಅನುಮಾನ. ಹಾಗಿದ್ದರೆ ಉರುಳು ಹಾಕುವಂತಿಲ್ಲ, ಹೊಟ್ಟೆ ಕೊಯ್ಯುವವರನ್ನು ಕರೆಸಬೇಕು. ನಾನು ಲೆಕ್ಕ ಹಾಕಿದೆ. ನಿಜ ಹೇಳಿದರೆ ಬೈದು ಮನೆಗೆ ಕಳಿಸುತ್ತಾರೆ, ಮತ್ತೆ ಎರಡು ತಿಂಗಳು ಗಡ್ಡೆ ಅಲ್ಲೇ. ಹೇಳದಿದ್ದರೆ ಇವರ ಹೊಟ್ಟೆಗೆ ಚಾಕು. ನನ್ನ ಕೈ ತಾನಾಗಿಯೇ ಚೀಲಕ್ಕೆ ಹೋಯಿತು.

"ಪುನರ್ಪುಳಿ. ಸ್ವಲ್ಪ."

"ಸ್ವಲ್ಪ ಅಂದ್ರೆ?"

"ಮೂರು ಲೋಟ."

ಅವಳು ನನ್ನ ಅತ್ತೆ ನೋಡುತ್ತಿದ್ದ ಹಾಗೆ ನೋಡಿ, ಫ್ಲಾಸ್ಕ್ ಕಿತ್ತುಕೊಂಡು ಒಳಗೆ ಹೋದಳು.

ಒಳಗೆ ನಡೆದದ್ದನ್ನು ಆಮೇಲೆ ಅವಳೇ ಹೇಳಿದಳು. ಡಾಕ್ಟರು ಪುನರ್ಪುಳಿಯನ್ನು ಬಿಳಿ ಹತ್ತಿಗೆ ಸುರಿದು, ಕರುಳಿಂದ ಹೀರಿದ ನೀರಿನ ಪಕ್ಕ ಇಟ್ಟು ನೋಡಿದರಂತೆ. ಒಂದೇ ಬಣ್ಣ. ಕೊಳವೆಯಲ್ಲಿ ನೀರು ಬಿಟ್ಟು ತೊಳೆದೂ ತೊಳೆದೂ ನೋಡಿದರೆ ಎಲ್ಲೂ ರಕ್ತ ಇಲ್ಲ. ಉರುಳನ್ನು ತೊಟ್ಟಿಗೆ ಸಿಕ್ಕಿಸುವುದು ಡಾಕ್ಟರ ಕೆಲಸ, ಅದನ್ನು ಬಿಗಿಯುವ ಹಿಡಿ ಇದ್ದದ್ದು ಇವಳ ಕೈಯಲ್ಲಿ. ಅವಸರಕ್ಕೆ ಬಿಗಿದರೆ ಕತ್ತರಿಸಿ ರಕ್ತ ಹಾರುತ್ತದೆ, ತಡಮಾಡಿದರೆ ಕರುಳಿನ ಗೋಡೆ ಸುಡುತ್ತದೆ. ಡಾಕ್ಟರು ಕಾಲಲ್ಲಿ ಕರೆಂಟಿನ ಪೆಡಲ್ ಒತ್ತುತ್ತಿದ್ದಂತೆ ಇವಳು ಹದವಾಗಿ ಮುಷ್ಟಿ ಮುಚ್ಚಿದಳಂತೆ. ಗಡ್ಡೆಯನ್ನು ಬಾಟಲಿಯಲ್ಲಿ ಹಾಕಿ ನನಗೆ ತೋರಿಸಿದಳು. ಹತ್ತು ದಿನದಲ್ಲಿ ರಿಪೋರ್ಟು ಎಂದರು. ಫ್ಲಾಸ್ಕನ್ನು ವಾಪಸ್ ಕೇಳುವ ಮುಖ ನನಗಿರಲಿಲ್ಲ.

ಹತ್ತು ದಿನ ತುಂಬುವ ಮೊದಲೇ ಇರಾಕಿನ ಸೈನ್ಯ ಬಂತು. ಆಫೀಸು ಮುಚ್ಚಿತು. ಸುತ್ತಲಿನವರೆಲ್ಲ ರೊಟ್ಟಿಯ ಬಗ್ಗೆ, ಊರಿಗೆ ಹೋಗುವ ದಾರಿಯ ಬಗ್ಗೆ ಮಾತಾಡುತ್ತಿದ್ದರು. ಇವರು ರಿಪೋರ್ಟಿನ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ದಿನಾ ಬೆಳಿಗ್ಗೆ ಬಚ್ಚಲಿಂದ ಹೊರಬಂದು "ಇಲ್ಲ" ಎನ್ನುತ್ತಿದ್ದರು. ರಕ್ತ ಇಲ್ಲ ಎಂದು. ನಾನೂ ತಲೆಯಾಡಿಸುತ್ತಿದ್ದೆ.

ಆಗಸ್ಟ್ ಮುಗಿಯುವಾಗ ಒಂದು ಬೆಳಿಗ್ಗೆ ಯಾರೋ ಬಾಗಿಲು ತಟ್ಟಿದರು. ನೋಡಿದರೆ ಆ ನರ್ಸ್. ಫೈಲಿನಲ್ಲಿದ್ದ ವಿಳಾಸ ಹಿಡಿದು ನಡೆದುಕೊಂಡೇ ಬಂದಿದ್ದಳು. ನನ್ನ ಫ್ಲಾಸ್ಕ್ ಚಾಚಿದಳು. ತೆಗೆದುಕೊಂಡರೆ ಹಗುರ.

"ಒಳಗೆ ನೋಡಿ ಅಕ್ಕ. ಖಾಲಿ ಪಾತ್ರೆ ವಾಪಸ್ ಕೊಡ್ಲಿಕ್ಕೆ ಆಗ್ತದಾ?"

ಒಳಗೆ ಸುರುಳಿ ಸುತ್ತಿದ ಕಾಗದ. ಇವರಿಗೆ ಕೊಟ್ಟೆ. ಇಂಗ್ಲಿಷ್ ಚೆನ್ನಾಗಿ ಬಲ್ಲ ಮನುಷ್ಯ ಅದನ್ನು ಬಿಚ್ಚಿ, ಹಾಗೇ ಅವಳ ಕೈಗೆ ವಾಪಸ್ ಕೊಟ್ಟರು. ಅವಳೇ ಹೇಳಿದಳು. ಕ್ಯಾನ್ಸರ್ ಇಲ್ಲ, ತೊಟ್ಟಿನ ಬುಡವೂ ಶುದ್ಧ, ಖಲಾಸ್. ಇವರು ಈಗ ಕಾಗದವನ್ನು ವಾಪಸ್ ಪಡೆದು ತಾವೇ ಓದಿದರು. ಮಡಚಿ ಜೇಬಿಗೆ ಹಾಕಿಕೊಂಡು, ಅವ್ಳಿಗೆ ಕುಡಿಲಿಕ್ಕೆ ಎಂಥಾದ್ರೂ ಕೊಡು ಎಂದರು.

ಸಕ್ಕರೆ ಮುಗಿದಿತ್ತು. ಕೊನೆಯ ಹಿಡಿ ಪುನರ್ಪುಳಿಗೆ ಉಪ್ಪು ಹಾಕಿ ಅದೇ ಫ್ಲಾಸ್ಕಿಗೆ ತುಂಬಿದೆ. ಬೇಡ ಎಂದಳು. ಖಾಲಿ ಪಾತ್ರೆಯ ಅವಳ ಮಾತನ್ನೇ ಅವಳಿಗೆ ತಿರುಗಿಸಿ ಹೇಳಿ ಕೈಗಿಟ್ಟೆ. ಮುಂದಿನ ತಿಂಗಳು ನಾವು ಬಸ್ಸು ಹತ್ತಿ ಜೋರ್ಡಾನ್ ಮೇಲಿಂದ ಊರಿಗೆ ಬಂದೆವು. ಫ್ಲಾಸ್ಕ್ ಅವಳ ಬಳಿಯೇ ಉಳಿಯಿತು.

ಮರುವರ್ಷ ಮಂಗಳೂರಿನಲ್ಲಿ ಮತ್ತೊಮ್ಮೆ ಕೊಳವೆ ಹಾಕಿ ನೋಡಿದರು. ಗಡ್ಡೆ ಇದ್ದ ಜಾಗದಲ್ಲಿ ಅಕ್ಕಿಕಾಳಿನಷ್ಟು ಬಿಳಿ ಕಲೆ, ಅಷ್ಟೇ. ಆಮೇಲೆ ಇವರು ಬಹಳ ವರ್ಷ ಬದುಕಿದರು. ಪ್ರತಿ ಸಲ ತಪಾಸಣೆಗೆ ಹೋದಾಗಲೂ ಮಂಚದ ಮೇಲೆ ಮಲಗುವ ಮೊದಲು ಅಲ್ಲಿನ ನರ್ಸಿಗೆ ಒಂದೇ ಮಾತು ಹೇಳುತ್ತಿದ್ದರು.

"ಫಸ್ಟು ಇವಳ ಚೀಲ ನೋಡಿ."