ಕೊನೆಯ ಇಪ್ಪತ್ತೈದು ನಿಮಿಷ

ಶುಕ್ರವಾರ ಮಧ್ಯಾಹ್ನ ಶಾಲೆಯ ಗೇಟಿನ ಮುಂದೆ ಬಸ್ಸು ತಂದು ನಿಲ್ಲಿಸುವಾಗ ಡ್ರೈವರಣ್ಣನ ಮುಖ ನೋಡಿದರೆ ಸಾಕು, ಆ ವಾರ ಬಿಡುಗಡೆಯಾದ ಸಿನಿಮಾದ ಹಣೆಬರಹ ಗೊತ್ತಾಗಿಬಿಡುತ್ತಿತ್ತು. ಸ್ಟೀರಿಂಗಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದರೆ ಹಾಡು ಮಾತ್ರ ಚೆನ್ನಾಗಿದೆ ಎಂದರ್ಥ. ಸುಮ್ಮನೆ ಕನ್ನಡಿ ಒರೆಸುತ್ತಾ ಕೂತಿದ್ದರೆ ಆ ಕಡೆ ಯಾರೂ ತಲೆ ಹಾಕಿ ಮಲಗುವುದೂ ಬೇಡ. ಬಸ್ಸು ನಿಲ್ಲುವ ಮೊದಲೇ ಬಾಗಿಲು ತೆಗೆದು ಮಾತು ಶುರು ಮಾಡಿದರೆ ಸಿನಿಮಾ ಗೆದ್ದಿತು. ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾ ಮತ್ತು ಅದೇ ಬಸ್ಸಿನಲ್ಲಿ ಮನೆಗೆ ಹೋಗುವ ಲೆಕ್ಕದ ಮೇಡಂ, ಇಬ್ಬರೂ ಟಿಕೆಟ್ ತೆಗೆಯುತ್ತಿದ್ದದ್ದು ಇವನ ಮಾತಿನ ಮೇಲೆಯೇ.

"ಪೊಲೀಸ್ ಸಿನಿಮಾ ಹೇಗಿದೆ ಅಣ್ಣ?" ಎಂದು ಆಯಾ ಕೇಳಿದರೆ ಉತ್ತರ ಸಿದ್ಧವಾಗಿರುತ್ತಿತ್ತು.

"ಹೀರೋ ಓಡೋದು ಚೆನ್ನಾಗಿ ಓಡ್ತಾನೆ ಅಕ್ಕ, ಕಾರು ಓಡಿಸೋಕೆ ಬರಲ್ಲ. ಒಂದೇ ರಸ್ತೇಲಿ ಎಂಟು ಸಲ ಗೇರ್ ಏರಿಸಿದ. ಆ ಕಾರಿಗೆ ಅಷ್ಟು ಗೇರು ಯಾರು ಕೊಟ್ರು? ಅದಾದ್ರೂ ಹೋಗ್ಲಿ, ಇಂಡಿಕೇಟರ್ ಹಾಕದೇ ತಿರುಗಿಸ್ತಾನೆ. ಕಾನೂನು ಕಾಪಾಡೋನಂತೆ."

ದೆವ್ವದ ಸಿನಿಮಾದ ಬಗ್ಗೆ ಅವನು ಒಂದೇ ಮಾತು ಹೇಳಿದ್ದ: ಆ ಮನೆಯ ಕಿರುಗುಟ್ಟುವ ಬಾಗಿಲಿಗೆ ಯಾರಾದರೂ ನಾಲ್ಕು ಹನಿ ಎಣ್ಣೆ ಬಿಟ್ಟಿದ್ದರೆ ಅರ್ಧ ಸಿನಿಮಾ ಬೇಕಾಗುತ್ತಲೇ ಇರಲಿಲ್ಲ. ಪ್ರೇಮಕಥೆಯೊಂದರಲ್ಲಿ ಹುಡುಗ ಹುಡುಗಿ ಎರಡು ಗಂಟೆ ಒಬ್ಬರನ್ನೊಬ್ಬರು ಹುಡುಕುತ್ತಾರೆ, ಇಬ್ಬರ ಕೈಯಲ್ಲೂ ಫೋನ್ ಇದೆ ಎಂದು ಅವನು ಹೊಟ್ಟೆ ಉರಿಸಿಕೊಂಡಾಗ ಲೆಕ್ಕದ ಮೇಡಂ ನಗು ತಡೆಯಲಾರದೆ ಉತ್ತರ ಪತ್ರಿಕೆಗಳನ್ನೆಲ್ಲ ಬಸ್ಸಿನ ತುಂಬಾ ಚೆಲ್ಲಿಬಿಟ್ಟಿದ್ದರು.

ಇಷ್ಟೆಲ್ಲ ಬಲ್ಲವನ ಒಂದು ಗುಟ್ಟು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಹನ್ನೊಂದು ವರ್ಷಗಳಿಂದ ಅವನು ಒಂದೇ ಒಂದು ಸಿನಿಮಾದ ಕೊನೆಯನ್ನೂ ನೋಡಿರಲಿಲ್ಲ.

ಅದಕ್ಕೆ ಕಾರಣ ಅವನ ಕೆಲಸ. ಬೆಳಿಗ್ಗೆ ಮಕ್ಕಳನ್ನು ಇಳಿಸಿ, ಬಸ್ಸು ತೊಳೆದು, ಡೀಸೆಲ್ ಹಾಕಿಸಿ ಬರುವಷ್ಟರಲ್ಲಿ ಹನ್ನೊಂದೂವರೆ. ಶಾಲೆಯಿಂದ ಎರಡು ಬೀದಿ ಆಚೆಗಿದ್ದ ಥಿಯೇಟರಿನಲ್ಲಿ ಹನ್ನೊಂದೂ ಮುಕ್ಕಾಲಿಗೆ ಮೊದಲ ಆಟ. ಆಟ ಬಿಡುವುದು ಎರಡೂ ಮೂವತ್ತೈದಕ್ಕೆ. ಆದರೆ ಎರಡೂವರೆಗೆ ಬಸ್ಸು ಗೇಟಿನ ಮುಂದೆ ಇರಬೇಕು, ಒಂದು ನಿಮಿಷ ತಡವಾದರೂ ಹೆಡ್‌ಮೇಡಂ ಹೊರಗೆ ಬಂದು ಕೈಗಡಿಯಾರ ನೋಡುತ್ತಾ ನಿಲ್ಲುತ್ತಾರೆ. ಹಾಗಾಗಿ ಎರಡೂ ಹತ್ತಕ್ಕೆ, ಪರದೆಯ ಮೇಲೆ ಯಾರು ಸಾಯುತ್ತಿರಲಿ ಯಾರು ಹುಟ್ಟುತ್ತಿರಲಿ, ಡ್ರೈವರಣ್ಣ ತಲೆ ತಗ್ಗಿಸಿಕೊಂಡು ಎದ್ದು ಹೊರಡುತ್ತಿದ್ದ. ಉಳಿದದ್ದನ್ನು ತಾನೇ ಊಹಿಸುತ್ತಿದ್ದ. ದಾರಿ ಗೊತ್ತಿದ್ದವನಿಗೆ ಕೊನೆಯ ಸ್ಟಾಪಿಗೆ ಹೋಗಿಯೇ ನೋಡಬೇಕೇ ಎಂಬುದು ಅವನ ವಾದ. ಎಂದಾದರೂ ಮೇಡಂ "ಕೊನೆ ನೀವು ಹೇಳಿದ ಹಾಗೆ ಇರಲಿಲ್ಲವಲ್ಲ" ಎಂದರೆ, "ಎರಡನೇ ದಿನಕ್ಕೆ ಬದಲಾಯಿಸಿರ್ತಾರೆ ಮೇಡಂ" ಎಂದು ಹಾರ್ನ್ ಒತ್ತಿಬಿಡುತ್ತಿದ್ದ.

ಬಸ್ಸಿನಲ್ಲಿ ಹೇಳುತ್ತಿದ್ದದ್ದು ಅಭಿಪ್ರಾಯ, ಹೆಚ್ಚೆಂದರೆ ಕೊನೆಯ ಒಂದು ಸುಳಿವು. ಪೂರ್ತಿ ಕಥೆ ಹೇಳುತ್ತಿದ್ದದ್ದು ಮನೆಯಲ್ಲಿ, ಹೆಂಡತಿಗೆ. ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದಿನವಿಡೀ ಬಿಳಿ ಹೊದಿಕೆಗಳನ್ನು ಮಡಿಸಿ ಬರುವವಳು. ಶುಕ್ರವಾರ ಸಂಜೆ ಅವಳು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದರೆ ಇವನು ಬಾಗಿಲಿಗೆ ಒರಗಿ ನಿಂತು ಹೀರೋ ಆಗುತ್ತಿದ್ದ, ಖಳನಾಗುತ್ತಿದ್ದ, ಹಿನ್ನೆಲೆ ಸಂಗೀತವನ್ನೂ ಬಾಯಲ್ಲೇ ನುಡಿಸುತ್ತಿದ್ದ. ಅವಳು ತಾನೇ ಥಿಯೇಟರಿಗೆ ಕಾಲಿಟ್ಟು ಹನ್ನೊಂದು ವರ್ಷವಾಗಿತ್ತು. ಆ ವರ್ಷ ಅವಳ ಅಕ್ಕ ತೀರಿಕೊಂಡಿದ್ದಳು. ಮನಸ್ಸು ಸ್ವಲ್ಪ ಹಗುರಾಗಲಿ ಎಂದು ಇವನು ನಗೆಯ ಸಿನಿಮಾ ಎಂದು ನಂಬಿಸಿ ಕರೆದುಕೊಂಡು ಹೋದರೆ, ಕೊನೆಯಲ್ಲಿ ಆ ಸಿನಿಮಾದ ಅಕ್ಕನೂ ಆಸ್ಪತ್ರೆಯ ಮಂಚದ ಮೇಲೆ ಕಣ್ಣು ಮುಚ್ಚಿದಳು. ಗೋಡೆ ಹಿಡಿದುಕೊಂಡು ಹೊರಗೆ ಬಂದ ಹೆಂಡತಿ, "ಕೊನೆ ಚೆನ್ನಾಗಿರುತ್ತೆ ಅಂತ ಗ್ಯಾರಂಟಿ ಇದ್ರೆ ಮಾತ್ರ ನನ್ನ ಕರೀರಿ" ಎಂದಿದ್ದಳು. ಅಲ್ಲಿಂದೀಚೆಗೆ ಸಿನಿಮಾಕ್ಕೂ ಹೋಗಲಿಲ್ಲ, ಅಕ್ಕನ ಮಾತನ್ನೂ ಎತ್ತಲಿಲ್ಲ.

ಈ ಶುಕ್ರವಾರ ಡ್ರೈವರಣ್ಣನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅಂಥ ಸಿನಿಮಾ. ಹೊಡೆದಾಟವಿಲ್ಲ, ಹೆಸರಾಂತ ಹೀರೋ ಇಲ್ಲ. ಹೊಲಿಗೆ ಅಂಗಡಿ ನಡೆಸುವ ಅಕ್ಕ ತಂಗಿ, ಒಂದು ಕತ್ತರಿಗಾಗಿ ಶುರುವಾದ ಜಗಳ, ಮನೆ ಬಿಟ್ಟು ಹೋದ ಅಕ್ಕ, ಊರೂರು ಅಲೆದು ಅವಳನ್ನು ಹುಡುಕುವ ತಂಗಿ. ಚಪ್ಪಲಿಯನ್ನೂ ಬಿಚ್ಚದೆ ಅಡುಗೆಮನೆ ಬಾಗಿಲಿಗೆ ಬಂದು ಶುರು ಮಾಡಿದ. ಆ ಅಕ್ಕ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಗಿರಾಕಿಗಳನ್ನು ಬೈಯುವುದನ್ನು ಮಾಡಿ ತೋರಿಸಿದಾಗ ಹೆಂಡತಿ ಚಾಕು ಕೆಳಗಿಟ್ಟು ನಕ್ಕಳು. ಹಾಗೆ ನಕ್ಕದ್ದನ್ನು ಅವನು ನೋಡಿ ಎಷ್ಟೋ ಕಾಲವಾಗಿತ್ತು.

"ಕೊನೇಲಿ ಸಿಗ್ತಾರಾ ಇಬ್ರೂ?" ಎಂದಳು.

ತಂಗಿಗೆ ವಿಳಾಸ ಸಿಕ್ಕಿ ಬಸ್ಸು ಹತ್ತುವಾಗಲೇ ಇವನು ಎದ್ದು ಬಂದಿದ್ದ. ಆದರೂ ನಾಲಿಗೆ ತಡೆಯಲಿಲ್ಲ.

"ಸಿಗದೇ ಏನು? ಬಾಗಿಲು ತೆಗೆದ ತಕ್ಷಣ ತಬ್ಕೋತಾರೆ. ಥಿಯೇಟರಿಗೆ ಥಿಯೇಟರೇ ಎದ್ದು ನಿಂತು ಚಪ್ಪಾಳೆ."

ಹೆಂಡತಿ ಕೈ ಒರೆಸಿಕೊಂಡಳು. "ಹಾಗಾದ್ರೆ ಭಾನುವಾರ ನನ್ನೂ ಕರ್ಕೊಂಡು ಹೋಗ್ರಿ."

ಡ್ರೈವರಣ್ಣ ಹಿಗ್ಗಿ ಹೀರೇಕಾಯಿಯಾದ. ಆ ಹಿಗ್ಗು ಮಲಗುವ ಹೊತ್ತಿನವರೆಗೆ ಮಾತ್ರ ಇತ್ತು. ದಿಂಬಿಗೆ ತಲೆ ಕೊಟ್ಟಾಗ ತಾನು ಕೊಟ್ಟ ಗ್ಯಾರಂಟಿ ಎಂಥದ್ದು ಎಂದು ಹೊಳೆಯಿತು. ಇನ್ನೊಂದು ಸಲ ಹಾಗೇನಾದರೂ ಆದರೆ ಅವಳು ಸಿನಿಮಾವನ್ನಲ್ಲ, ಅವನ ಮಾತನ್ನೇ ನಂಬುವುದಿಲ್ಲ. ಶನಿವಾರ ಬೆಳಿಗ್ಗೆಯೇ ಥಿಯೇಟರಿಗೆ ಓಡಿ ಟಿಕೆಟ್ ಹರಿಯುವವನನ್ನು ಹಿಡಿದ.

"ಕೊನೆ ಹೇಗಿದೆ ಮಾರಾಯ?"

"ನಾನೆಲ್ಲಿ ನೋಡ್ತೀನಣ್ಣ, ಬಾಗಿಲಲ್ಲೇ ಇರ್ತೀನಿ."

"ಜನ ಅಳ್ತಾ ಬರ್ತಾರಾ, ನಗ್ತಾ ಬರ್ತಾರಾ?"

ಅವನು ತಲೆ ಕೆರೆದುಕೊಂಡ. "ಕೆಲವರು ಅಳ್ತಾರೆ. ಉಳಿದವರು ಗಾಡಿ ತೆಗೆಯೋಕೆ ಓಡ್ತಾರೆ."

ಭಾನುವಾರ ಹೆಂಡತಿ ಅರ್ಧ ಗಂಟೆ ಮುಂಚೆಯೇ ಹೊರಟು ಬಾಗಿಲಲ್ಲಿ ನಿಂತಿದ್ದಳು. ದಾರಿಯುದ್ದಕ್ಕೂ ಅವಳದೇ ಮಾತು. ಸೀಟು ಎಷ್ಟು ಮೆತ್ತಗಾಗಿದೆ, ಪರದೆ ಎಷ್ಟು ದೊಡ್ಡದಾಗಿದೆ ಎಂದು ಒಳಗೆ ಬಂದ ಮೇಲೂ ನಿಲ್ಲಿಸಲಿಲ್ಲ. ಗುಂಡುಸೂಜಿ ಕಚ್ಚಿಕೊಂಡ ಅಕ್ಕ ಬಂದಾಗ ಮೊಣಕೈಯಿಂದ ಗಂಡನನ್ನು ತಿವಿದು, "ನೀವೇ ಚೆನ್ನಾಗಿ ಮಾಡಿದ್ರಿ" ಎಂದಳು. ಅವನಿಗೆ ಖುಷಿಯೂ ಆಯಿತು, ಕೊನೆ ನೆನೆದು ಭಯವೂ ಆಯಿತು.

ಪರದೆಯ ಮೇಲೆ ತಂಗಿ ಬಸ್ಸು ಹತ್ತಿದಳು. ಡ್ರೈವರಣ್ಣ ಅಭ್ಯಾಸಬಲದಿಂದ ತಟ್ಟನೆ ಎದ್ದು ನಿಂತ.

"ಎಲ್ಲಿಗ್ರೀ?" ಎಂದಳು ಹೆಂಡತಿ. ಹಿಂದಿನವರು "ಕೂತ್ಕೊಳ್ರೀ" ಎಂದು ಗದರಿದರು.

ಕೂತ. ಇಲ್ಲಿಂದ ಮುಂದೆ ಅವನಿಗೂ ದಾರಿ ಗೊತ್ತಿರಲಿಲ್ಲ. ಪರದೆಯಿಂದ ಕಣ್ಣು ಕೀಳಲಾಗಲಿಲ್ಲ. ತಂಗಿ ಊರು ಸೇರಿದಳು, ಬೀದಿ ಹುಡುಕಿದಳು, ಮೆಟ್ಟಿಲು ಹತ್ತಿದಳು. ಬಾಗಿಲಿಗೆ ಬೀಗ. ನಿನ್ನ ಅಕ್ಕ ನಿನ್ನನ್ನೇ ಹುಡುಕಿಕೊಂಡು ಇವತ್ತು ಬೆಳಿಗ್ಗೆ ಹೊರಟಳು ಎಂದಳು ಪಕ್ಕದ ಮನೆಯವಳು. ತಂಗಿ ಬೀಗದ ಕೆಳಗೆ ಹೊಸ್ತಿಲ ಮೇಲೆ ಕೂತಳು. ಪರದೆ ಕಪ್ಪಾಯಿತು, ದೀಪ ಹತ್ತಿತು.

ಡ್ರೈವರಣ್ಣನಿಗೆ ಪಕ್ಕಕ್ಕೆ ತಿರುಗಲು ಧೈರ್ಯ ಬರಲಿಲ್ಲ. ಜನರೆಲ್ಲ ಹೊರಗೆ ಹೋದರು. ಹೆಂಡತಿ ಕೂತೇ ಇದ್ದಳು.

"ನಾನು ಕೊನೆ ನೋಡಿರಲಿಲ್ಲ ಕಣೇ," ಎಂದ. "ಬಸ್ಸಿಗೆ ಹೊತ್ತಾಗುತ್ತೆ ಅಂತ ಎದ್ದು ಹೋಗ್ತೀನಿ. ಇದೊಂದೇ ಅಲ್ಲ, ಯಾವುದರದ್ದೂ ನೋಡಿಲ್ಲ."

ಅವಳು ನಿಧಾನವಾಗಿ ತಿರುಗಿದಳು. "ಹಾಗಾದ್ರೆ ನೀವು ಹೇಳಿದ ಆ ಹಳೇ ಸಿನಿಮಾದಲ್ಲಿ ಕಣ್ಣಿಲ್ಲದ ಮುದುಕನಿಗೆ ಮನೆ ವಾಪಸ್ ಸಿಕ್ಕಿದ್ದು?"

"ನಾನೇ ಕೊಡಿಸಿದ್ದು."

"ಹಡಗಿಂದ ಆ ಹುಡುಗ ಬದುಕಿ ಬಂದಿದ್ದು?"

"ಅದೂ ನಾನೇ."

"ಹನ್ನೊಂದು ವರ್ಷದಿಂದ ಒಬ್ಬರನ್ನೂ ಸಾಯಿಸಲಿಲ್ವಲ್ರೀ ನೀವು."

"ನಿನಗೆ ಹೇಳೋ ಕಥೇಲಿ ಯಾರನ್ನ ಸಾಯಿಸಲಿ?"

ಕಸ ಗುಡಿಸುವವಳು ಮುಂದಿನ ಸಾಲಿನಿಂದ ಪೊರಕೆ ಹಿಡಿದು ಬರುತ್ತಿದ್ದಳು. ಹೆಂಡತಿಯ ಕಣ್ಣು ತುಂಬಿತ್ತು, ಆದರೆ ಎದ್ದು ಹೋಗುವ ಆತುರವೇನೂ ಕಾಣಲಿಲ್ಲ. "ಇದಕ್ಕೂ ಕೊನೆ ಹೇಳಿ," ಎಂದಳು.

ಅವನು ಅವಳ ಕಡೆ ತಿರುಗಿ ಕೂತ. "ದಾರೀಲಿ ಅಕ್ಕನ ಬಸ್ಸು ಕೆಟ್ಟು ನಿಲ್ಲುತ್ತೆ. ಆ ಡ್ರೈವರಿಗೆ ಎಂಜಿನ್ ಕೆಲಸ ಗೊತ್ತಿಲ್ಲ. ಮುಂದಕ್ಕೆ ಹೋಗೋಕೆ ಬೇರೆ ಬಸ್ಸೂ ಇಲ್ಲ ಅಂತ ಅಕ್ಕ ವಾಪಸ್ ಬರ್ತಾಳೆ. ನೋಡಿದ್ರೆ ಹೊಸ್ತಿಲ ಮೇಲೆ ತಂಗಿ. ಇಬ್ರೂ ತಬ್ಕೊಂಡು..."

"ಇಲ್ಲ," ಎಂದು ಅವಳು ತಡೆದಳು. "ತಬ್ಕೊಳ್ಳೋದೆಲ್ಲ ಆಮೇಲೆ. ಮೊದಲು ಬೈತಾಳೆ. ದೂಳಲ್ಲಿ ಕೂತಿದ್ದೀಯಲ್ಲೇ, ಬಟ್ಟೆ ಯಾರು ಒಗೀತಾರೆ ಅಂತಾಳೆ. ನಮ್ಮಕ್ಕ ಹಾಗೇ ಅಲ್ವಾ? ಮದುವೆಯಾದ ಮೇಲೆ ಮೊದಲನೇ ಸಲ ಅವಳ ಮನೆಗೆ ಹೋದಾಗ ಬಾಗಿಲಲ್ಲೇ ನಿಲ್ಲಿಸಿ ನನ್ನ ಹೇಗೆ ಬೈದ್ಲು, ಗೊತ್ತಾ ನಿಮಗೆ?"

ಗೊತ್ತಿತ್ತು. ಆ ಬಾಗಿಲಲ್ಲಿ ಅವಳ ಪಕ್ಕದಲ್ಲೇ ಪೆಟ್ಟಿಗೆ ಹಿಡಿದುಕೊಂಡು ಅವನೂ ನಿಂತಿದ್ದ.

"ಗೊತ್ತಿಲ್ಲ," ಎಂದ ಡ್ರೈವರಣ್ಣ. "ಹೇಳು."