ಸ್ಪೀಕರಿನ ಗೆರೆ, ಕಿವಿಯ ಗೆರೆ

ಅಳತೆ ಎಂದರೆ ನನಗೆ ಮೊದಲಿನಿಂದಲೂ ಒಂದು ಬಗೆಯ ಭಕ್ತಿ. ನಮ್ಮ ತಂದೆ ಮೈಸೂರು ಕಡೆಯಿಂದ ಊಟಿಗೆ ಬಂದು ಇಟ್ಟ ಬೀಜ-ಗೊಬ್ಬರದ ಅಂಗಡಿಯನ್ನೇ ನಾನು ನಡೆಸಿಕೊಂಡು ಬಂದಿರುವುದು. ಪೊಟ್ಟಣದ ಮೇಲೆ ಕಂಪನಿಯವರು ಏನೇ ಅಚ್ಚು ಹಾಕಿಸಿರಲಿ, ಒಂದು ಹಿಡಿ ಬೀಜವನ್ನು ಒದ್ದೆ ಗೋಣಿಯ ಮೇಲೆ ಹರಡಿ, ಎಷ್ಟು ಮೊಳೆತವೆಂದು ಕಣ್ಣಾರೆ ನೋಡದೆ ನಾನು ಯಾರಿಗೂ ಕ್ಯಾರೆಟ್ ಬೀಜ ಮಾರಿದವನಲ್ಲ. ಇಂಥವನು ಸ್ಪೀಕರ್ ಕೊಳ್ಳಲು ಹೊರಟರೆ ಏನಾಗುತ್ತದೆ ಎಂಬುದನ್ನು ನೀವೇ ಊಹಿಸಬಹುದು. ಆದರೆ ನಿಜವಾಗಿ ಆದದ್ದನ್ನು ಮಾತ್ರ ಊಹಿಸಲಾರಿರಿ, ನಾನೂ ಊಹಿಸಿರಲಿಲ್ಲ.

ಶುರುವಾದದ್ದು ನನ್ನ ಹೆಂಡತಿ ನಾಗುವಿನ ಒಂದು ಮಾತಿನಿಂದ. ನಮ್ಮ ಹಳೆಯ ರೇಡಿಯೋ-ಕ್ಯಾಸೆಟ್ ಟೂ-ಇನ್-ಒನ್‌ನಲ್ಲಿ ಹಾಡು ಬರುತ್ತಿತ್ತು. "ಹಾಡು ಕಂಬಳಿ ಹೊದ್ಕೊಂಡು ಹಾಡಿದ ಹಾಗೆ ಕೇಳ್ಸುತ್ತೆ ಕಣ್ರೀ" ಎಂದಳು. ನಾಗು ಚೆನ್ನಾಗಿ ಹಾಡುತ್ತಾಳೆ. ಶುಕ್ರವಾರದ ಭಜನೆಯಲ್ಲಿ ಎಲ್ಲರಿಗೂ ಮೊದಲು ಶ್ರುತಿ ಹಿಡಿಯುತ್ತಿದ್ದವಳು ಅವಳೇ. ಈಚೆಗೆ ಯಾಕೋ ಚಳಿ, ಶೀತ ಎಂದು ಹೋಗುವುದನ್ನು ಬಿಟ್ಟಿದ್ದಳು. ಅಂಥವಳು ಕಂಬಳಿ ಎಂದರೆ ಕಂಬಳಿಯೇ ಸರಿ ಎಂದು ನಾನು ಟೂ-ಇನ್-ಒನ್ನಿಗೆ ಮರಣದಂಡನೆ ವಿಧಿಸಿಬಿಟ್ಟೆ.

ಅದೇ ಸುಮಾರಿಗೆ, ಬೀಜ ಕಟ್ಟಿಕೊಡಲು ತೂಕಕ್ಕೆ ಕೊಂಡ ರದ್ದಿಯಲ್ಲಿ ಒಂದು ಕಟ್ಟು ವಿದೇಶೀ ಪತ್ರಿಕೆಗಳು ಬಂದವು. ಯಾವುದೋ ಎಸ್ಟೇಟ್ ಬಂಗಲೆ ಖಾಲಿ ಮಾಡಿದವರ ಮನೆಯವು. ಅವುಗಳ ತುಂಬ ಸ್ಪೀಕರುಗಳ ವಿಮರ್ಶೆ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಅವನ್ನು ಓದುತ್ತಾ ಹೋದೆ. ಸಾಹಿತ್ಯ ವಿಮರ್ಶಕರೂ ಅಷ್ಟು ಧೈರ್ಯವಾಗಿ ಬರೆಯುವುದಿಲ್ಲ. ಒಬ್ಬನಿಗೆ ಒಂದು ಸ್ಪೀಕರು ಬೆಣ್ಣೆಯಂತೆ ಕೇಳಿಸಿದರೆ, ಇನ್ನೊಬ್ಬನಿಗೆ ಅದೇ ಸ್ಪೀಕರು ತಗಡಿನಂತೆ. ಇವರನ್ನು ನಂಬಿ ಕೊಳ್ಳುವುದು ಹೇಗೆ? ಆಗ ಕಣ್ಣಿಗೆ ಬಿದ್ದದ್ದು ಪುಟದ ಮೂಲೆಯಲ್ಲಿದ್ದ ನಕ್ಷೆ. ಸ್ಪೀಕರಿನ ಮುಂದೆ ಮೈಕ್ ಇಟ್ಟು, ಕೆಳಗಿನ ಗುಡುಗಿನಿಂದ ಮೇಲಿನ ಕೀಚಲಿನವರೆಗೆ ಒಂದೊಂದು ಸ್ವರವನ್ನೂ ಅದು ಎಷ್ಟು ಗಟ್ಟಿಯಾಗಿ ನುಡಿಸುತ್ತದೆ ಎಂದು ಅಳೆದು ಎಳೆದ ಗೆರೆ. ಗೆರೆ ಸಮತಟ್ಟಾಗಿದ್ದರೆ ಸ್ಪೀಕರು ಪ್ರಾಮಾಣಿಕ. ತನ್ನದೇನನ್ನೂ ಸೇರಿಸುವುದಿಲ್ಲ, ಯಾವುದನ್ನೂ ನುಂಗುವುದಿಲ್ಲ. ಏರುಪೇರಾಗಿದ್ದರೆ ಬಾಯಿಬಡುಕ. ಒದ್ದೆ ಗೋಣಿಯ ಪರೀಕ್ಷೆ ಸ್ಪೀಕರಿಗೂ ಉಂಟು ಎಂದು ತಿಳಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಆಮೇಲೆ ಚೇರಿಂಗ್ ಕ್ರಾಸ್ ಹತ್ತಿರ ಬ್ರೌಸಿಂಗ್ ಸೆಂಟರ್ ಬಂತು. ಅಲ್ಲಿ ಕೂತು ಇನ್ನಷ್ಟು ನಕ್ಷೆಗಳನ್ನು ಹುಡುಕಿದೆ. ಆ ಕಾಲದಲ್ಲಿ ಚಿತ್ರವೊಂದು ಪರದೆಯ ಮೇಲಿನಿಂದ ಕೆಳಗೆ ಇಳಿಯುವಷ್ಟರಲ್ಲಿ ಒಂದು ಟೀ ಕುಡಿದು ಬರಬಹುದಿತ್ತು. ಗೆರೆ ಇನ್ನೇನು ಕಾಣಬೇಕು ಎನ್ನುವಾಗ ಕರೆಂಟು ಹೋಗುತ್ತಿತ್ತು.

ಇನ್ನು ಬಜೆಟ್ಟು. ಊಟಿಯಲ್ಲಿ ಬಿಸಿನೀರಿಗೆ ಸಂಗೀತಕ್ಕಿಂತ ಮರ್ಯಾದೆ ಹೆಚ್ಚು. ಹೊಸ ಗೀಸರಿಗೆಂದು ನಾಗು ಎತ್ತಿಟ್ಟಿದ್ದ ಹಣವೊಂದೇ ನಮ್ಮ ಮುಂದಿದ್ದದ್ದು. ನಾನು ಬಾಯಿಬಿಟ್ಟು ಕೇಳಲಿಲ್ಲ. ಅವಳೇ, "ನೀರು ಇನ್ನೊಂದು ವರ್ಷ ಒಲೆ ಮೇಲೇ ಕಾಯ್ಲಿ ಬಿಡಿ. ಆ ಮುಖ ಇಟ್ಕೊಂಡು ಓಡಾಡೋದನ್ನ ನೋಡಕ್ಕಾಗಲ್ಲ" ಎಂದಳು. ಆ ಹಣದೊಳಗೇ ಸ್ಪೀಕರು, ಅದನ್ನು ನುಡಿಸುವ ಆಂಪ್ಲಿಫೈಯರು ಎರಡೂ ಬರಬೇಕು. ಹಾಡು ಹಾಕುವ ಸಿ.ಡಿ. ಪ್ಲೇಯರ್ ಒಂದನ್ನು ನಾಗುವಿನ ತಮ್ಮ ಮೊದಲೇ ಕೊಟ್ಟಿದ್ದ.

ನನ್ನ ಈ ಸಂಶೋಧನೆಗೆ ಸಿಕ್ಕ ಒಬ್ಬನೇ ಶ್ರೋತೃ ಬೋಜನ್. ನಂಜನಾಡು ಕಡೆಯ ಬಡಗ ಜನಾಂಗದ ರೈತ, ನನ್ನ ಹಳೆಯ ಗಿರಾಕಿ, ಅದಕ್ಕಿಂತ ಹಳೆಯ ಗೆಳೆಯ. ಅವನಿಗೂ ಒಂದು ಸೆಟ್ಟು ಬೇಕಾಗಿತ್ತು. ಯಾವುದು ತಗೊಳ್ಳಲಿ ಎಂದು ಅಂಗಡಿಗೆ ಬಂದು ಕೇಳಿದ. ನಾನು ನಕ್ಷೆಗಳನ್ನು ಹರಡಿಕೊಂಡು ಶುರು ಮಾಡಿದೆ. ಬೋಜನ್ ತಾಳ್ಮೆಯ ಮನುಷ್ಯ. ಆಲೂಗಡ್ಡೆ ಬೆಳೆಯುವವನಿಗೆ ಅದಿಲ್ಲದೆ ಆಗುವುದಿಲ್ಲ. ಆದರೂ ಮುಂದಿನ ವಾರವೇ ಮೈಸೂರಿಗೆ ಹೋಗಿ, ತಿರುಗಣೆಗಳು ಸಾಲಾಗಿ ಇರುವ, ಹಾಡಿಗೆ ತಕ್ಕಂತೆ ದೀಪಗಳು ಕುಣಿಯುವ ಒಂದು ಆಂಪ್ಲಿಫೈಯರನ್ನು ಹೊತ್ತು ತಂದುಬಿಟ್ಟ. "ಕೋಪ ಮಾಡಬೇಡ ಅಣ್ಣಾ. ನೀ ಹೇಳ್ದದು ಎಲ್ಲಾ ಒಳ್ಳೇದೇ. ಎನಗೆ ಲೈಟ್ ಪುಡಿಚ್ಚಿತು" ಎಂದ. ಅವನಿಗೆ ಬೆಳಕು ಹಿಡಿಸಿತು. ನನಗೆ ಅವನ ಬಗ್ಗೆ ಕನಿಕರ ಹುಟ್ಟಿತು.

ಏಕೆಂದರೆ ನಾನು ಆರಿಸಿಕೊಂಡದ್ದು ವೈರಾಗ್ಯದ ಆಂಪ್ಲಿಫೈಯರು. ಮುಖದ ಮೇಲೆ ಎರಡೇ ತಿರುಗಣೆ. ಒಂದು ಸದ್ದು ಹೆಚ್ಚು ಕಡಿಮೆ ಮಾಡಲು, ಇನ್ನೊಂದು ಹಾಡು ಎಲ್ಲಿಂದ ಬರಬೇಕೆಂದು ಹೇಳಲು. ಬೇಸ್, ಟ್ರೆಬಲ್ ಎಂದು ಸ್ವರದ ದಪ್ಪ-ತೆಳುವನ್ನು ತಿದ್ದುವ ತಿರುಗಣೆಗಳು ಇಲ್ಲವೇ ಇಲ್ಲ. ಅವು ಇರುವುದೇ ಅಪಚಾರ, ಹಾಡುಗಾರರು ಹಾಡಿದ್ದನ್ನು ತಿದ್ದಲು ನೀನು ಯಾರು ಎಂಬುದು ವಿಮರ್ಶಕರ ಮತ. ಆ ಮತಕ್ಕೆ ನಾನು ಸೇರಿಕೊಂಡಿದ್ದೆ. ಕೋಯಮತ್ತೂರಿಗೆ ಹೋಗಿ ಅದನ್ನೂ, ಬಡಕಲು ಮೈಯ ಆದರೆ ನೇರ ಗೆರೆಯ ಒಂದು ಜೊತೆ ಸ್ಪೀಕರುಗಳನ್ನೂ ಕೊಂಡು, ಮೆಟ್ಟುಪಾಳ್ಯದಿಂದ ಘಾಟಿಯ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಒಂದೊಂದು ತಿರುವಿನಲ್ಲೂ ಪಕ್ಕದಲ್ಲಿದ್ದವರು ನನ್ನ ಮೇಲೆ, ನಾನು ಸ್ಪೀಕರಿನ ಮೇಲೆ.

ಭಾನುವಾರ ಬೆಳಿಗ್ಗೆ ನಾಗುವನ್ನು ಎರಡು ಸ್ಪೀಕರಿಗೂ ಸರಿದೂರದಲ್ಲಿ, ಹಗ್ಗ ಹಿಡಿದು ಅಳೆದ ಜಾಗದಲ್ಲಿ ಕೂರಿಸಿ ಒಂದು ದೇವರನಾಮ ಹಾಕಿದೆ. ನನಗೆ ಮೈ ಜುಮ್ಮೆಂದಿತು. ಹಾಡುಗಾರ್ತಿ ಉಸಿರೆಳೆದುಕೊಳ್ಳುವುದು ಕೂಡ ಕೇಳುತ್ತಿತ್ತು.

"ಆ ತಾಳ ಕೇಳು ನಾಗು! ಕಂಚಿನ ತಾಳ. ಎಷ್ಟು ಸ್ವಚ್ಛ!"

ನಾಗು ನನ್ನ ಮುಖ ನೋಡಿದಳು. "ಯಾವ ತಾಳ?"

ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ಮತ್ತೆ ಹಾಕಿದೆ. ಅವಳು ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ ಕೇಳಿದಳು. "ಈ ಹಾಡಲ್ಲಿ ತಾಳ ಇದ್ಯಾ ರೀ?"

ನಾನು ವೈರುಗಳನ್ನು ಬಿಚ್ಚಿ ಮತ್ತೆ ಸೇರಿಸಿದೆ. ಸ್ಪೀಕರಿನ ಮೇಲ್ಭಾಗಕ್ಕೆ ಕಿವಿ ಹಚ್ಚಿದೆ. ತಾಳ ಠಣ್ ಠಣ್ ಎಂದು ಸ್ಪಷ್ಟವಾಗಿ ಬರುತ್ತಿತ್ತು. ಎಡದ ಸ್ಪೀಕರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಇಟ್ಟೆ. ಬೆವರಿದೆ, ಊಟಿಯಲ್ಲಿ. ಆಗ ನಾಗು ಎದ್ದು ಬಂದು ನನ್ನ ಭುಜದ ಮೇಲೆ ಕೈಯಿಟ್ಟಳು.

"ಸ್ಪೀಕರ್ ಬಿಡಿ. ಅದು ಚೆನ್ನಾಗೇ ಇದೆ. ನನ್ನ ಕಿವೀನ ತೋರ್ಸೋಣ."

ಅವಳಿಗೆ ಅನುಮಾನ ಮೊದಲೇ ಇತ್ತಂತೆ. ಭಜನೆಯಲ್ಲಿ ಪಕ್ಕದವರು ಹಾಡುವ ಸಾಹಿತ್ಯ ತಿಳಿಯದೆ ಒಂದು ದಿನ ಬೇರೆ ಚರಣವನ್ನೇ ಎತ್ತಿಕೊಂಡಾಗ ಎಲ್ಲರೂ ತಿರುಗಿ ನೋಡಿದ್ದರಂತೆ. ಅಂದಿನಿಂದ ಶೀತದ ನೆಪ. ನನಗೆ ಯಾಕೆ ಹೇಳಲಿಲ್ಲ ಎಂದರೆ, "ಹೇಳಿದ್ರೆ ನಿಜ ಆಗ್ಬಿಡುತ್ತೆ ಅಂತ ಹೆದರಿಕೆ" ಎಂದಳು.

ಕೂನೂರಿನ ಕಿವಿ ಡಾಕ್ಟರು ವಯಸ್ಸಾದ ತಮಿಳು ಹೆಂಗಸು. ನಾಗುವನ್ನು ಒಂದು ಪುಟ್ಟ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ನಾನು ಹೊರಗೆ ಕೂತಿದ್ದೆ. ಒಳಗೆ ಅಳೆಯುತ್ತಿರುವುದು ನನ್ನ ಹೆಂಡತಿಯನ್ನು ಎಂಬುದು ನೆನಪಾದಾಗಲೆಲ್ಲ ಎದ್ದು ಕೋಣೆಯ ಬಾಗಿಲವರೆಗೆ ಹೋಗಿ ಬರುತ್ತಿದ್ದೆ. ಕೊನೆಗೆ ಡಾಕ್ಟರು ಒಂದು ಕಾಗದವನ್ನು ಮೇಜಿನ ಮೇಲಿಟ್ಟು ವಿವರಿಸಲು ಬಾಯಿ ತೆರೆದರು. ವಿವರಣೆ ಬೇಕಾಗಿರಲಿಲ್ಲ. ಎಡಗಡೆ ದಪ್ಪ ಸ್ವರಗಳು, ಬಲಗಡೆ ತೆಳು ಸ್ವರಗಳು. ಅದೇ ನಕ್ಷೆ, ಅದೇ ಗೆರೆ. ಊಟಿಯಿಂದ ಕೂನೂರಿನವರೆಗೆ ಹೇಗೋ ನಿಭಾಯಿಸಿಕೊಂಡು ಬಂದು, ಅಲ್ಲಿಂದ ಘಾಟಿಯಲ್ಲಿ ಧುಮುಕುವ ದಾರಿಯ ಹಾಗೆ, ಅರ್ಧದವರೆಗೆ ಸಮನಾಗಿ ಬಂದ ಗೆರೆ ಆಮೇಲೆ ಕೆಳಗಿಳಿದುಬಿಟ್ಟಿತ್ತು.

ಹೆದರಬೇಕಾದ್ದೇನಿಲ್ಲ, ಕೆಲವರಿಗೆ ಐವತ್ತರ ಹೊತ್ತಿಗೆ ಹೀಗಾಗುತ್ತದೆ, ಯಂತ್ರ ಹಾಕುವುದನ್ನು ಮುಂದಿನ ವರ್ಷ ಯೋಚಿಸೋಣ ಎಂದರು ಡಾಕ್ಟರು. ಇವರ ಎದುರು ಕೂತು ಮಾತಾಡಿ, ಸಕಾರ ಶಕಾರಗಳು ಇವರಿಗೆ ಸರಿಯಾಗಿ ಸಿಕ್ಕುವುದಿಲ್ಲ ಎಂದರು. ನನಗೆ ಥಟ್ಟನೆ ಒಂದು ವಿಷಯ ಹೊಳೆಯಿತು. ವರ್ಷದಿಂದ ನಾನು ಊಟಕ್ಕೆ ಕೂತು "ಸಾಕು" ಎಂದಾಗಲೆಲ್ಲ ನಾಗು ಇನ್ನೊಂದು ಸೌಟು ಬಡಿಸುತ್ತಿದ್ದಳು. ಅವಳಿಗೆ ಅದು "ಹಾಕು" ಎಂದು ಕೇಳಿಸುತ್ತಿತ್ತು! ಪ್ರೀತಿ ಎಂದು ತಿಳಿದು ನಾನು ಮಾತಿಲ್ಲದೆ ಉಂಡು, ಪ್ಯಾಂಟುಗಳನ್ನೆಲ್ಲ ಸಡಿಲ ಮಾಡಿಸಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಇದನ್ನು ಹೇಳಿದಾಗ ನಾಗು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕದ್ದಕ್ಕೆ ಬಂದ ನೀರು ಎಷ್ಟು, ಬೇರೆಯದು ಎಷ್ಟು ಎಂದು ನಾನು ಅಳೆಯಲು ಹೋಗಲಿಲ್ಲ.

ನಮ್ಮ ಸಂಗೀತದಲ್ಲಿ ಸ್ವರಗಳ ನಡುವಿನ ಅತಿ ಸೂಕ್ಷ್ಮ ಅಂತರಕ್ಕೆ ಶ್ರುತಿ ಎಂದು ಹೆಸರು. ಶ್ರುತಿ ಎಂದರೆ ಕೇಳಿಸಿಕೊಂಡದ್ದು ಎಂದೇ ಅರ್ಥ. ಹಿಂದಿನವರು ಅಳತೆಗೆ ಹೆಸರಿಡುವಾಗಲೇ ಕಿವಿಯನ್ನು ಅದರೊಳಗೆ ಸೇರಿಸಿಬಿಟ್ಟಿದ್ದರು. ನಾನು ಓದಿದ ನಕ್ಷೆಗಳಲ್ಲಿ ಮೈಕ್ ಇತ್ತು, ಕಿವಿ ಇರಲಿಲ್ಲ. ನಕ್ಷೆ ಸುಳ್ಳು ಹೇಳಿತ್ತು ಎನ್ನಲಾರೆ. ಸಮತಟ್ಟಾದ ಸ್ಪೀಕರು, ಇಳಿಜಾರಿನ ಕಿವಿ. ಎರಡನ್ನೂ ಕೂಡಿಸಿದರೆ ಬರುವುದು ಇಳಿಜಾರು. ಹಾಗಾದರೆ ಬೇಕಾದದ್ದು ಏರು. ತೆಳು ಸ್ವರಗಳನ್ನು ಎತ್ತಿ ಕೊಡುವ ಟ್ರೆಬಲ್ ತಿರುಗಣೆ ಇರುವುದೇ ಅದಕ್ಕೆ. ನನ್ನ ವೈರಾಗ್ಯದ ಪೆಟ್ಟಿಗೆಯಲ್ಲಿ ಅದೊಂದೇ ಇರಲಿಲ್ಲ.

ಬೋಜನ್ ಮನೆಗೆ ಹೋದೆ. ನಡೆದದ್ದನ್ನೆಲ್ಲ ಹೇಳಿ, ನಿನ್ನದನ್ನು ಕೊಟ್ಟು ನನ್ನದನ್ನು ಇಟ್ಟುಕೊಳ್ಳುತ್ತೀಯಾ ಎಂದು ಕೇಳಿದೆ. ಅವನು ಯೋಚಿಸಲಿಲ್ಲ. "ಎತ್ತಿಕೊಂಡು ಹೋಗು ಅಣ್ಣಾ. ಬಂದವರೆಲ್ಲ ಒಂದೊಂದು ಬಟನ್ ತಿರುಗಿಸಿ ಹೋಗ್ತಾರೆ. ಒಂದು ದಿನ ಮಾರಿ ಕೂಗಿದ ಹಾಗೆ, ಒಂದು ದಿನ ಕೊಡದೊಳಗೆ ಕೂಗಿದ ಹಾಗೆ. ಎನಗೂ ಬೇಸರ ಆಗೋಯ್ತು" ಎಂದ. ನನ್ನ ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದಕೆ ಲೈಟ್ ಇಲ್ಲೆಯಾ?" ಎಂದು ಕೇಳಿದ.

"ಒಂದು ಕೆಂಪು ಚುಕ್ಕಿ ಇದೆ."

"ಪರವಾಯಿಲ್ಲೆ. ಕರೆಂಟ್ ಇದ್ದದು ತಿಳಿದರೆ ಆಯ್ತು."

ನಾಗುವನ್ನು ಮತ್ತೆ ಅದೇ ಜಾಗದಲ್ಲಿ ಕೂರಿಸಿ ಅದೇ ಹಾಡು ಹಾಕಿದೆ. ಡಾಕ್ಟರ ಕಾಗದವನ್ನು ಪಕ್ಕದಲ್ಲಿಟ್ಟುಕೊಂಡು ಟ್ರೆಬಲ್ಲನ್ನು ಮೆಲ್ಲಗೆ ಏರಿಸುತ್ತಾ ಹೋದೆ. ನಾನು ಪೂಜಿಸುತ್ತಿದ್ದ ವಿಮರ್ಶಕರು ನೋಡಿದ್ದರೆ ಅಂಗಡಿಗೆ ಕಲ್ಲು ತೂರುತ್ತಿದ್ದರು. ತಿರುಗಣೆ ಮುಕ್ಕಾಲು ಸುತ್ತಿದಾಗ ನಾಗು ಕೈಯೆತ್ತಿ ತಡೆದಳು. ಅವಳ ಬಲಗೈ ತೊಡೆಯ ಮೇಲೆ ತಾಳ ಹಾಕತೊಡಗಿತು. ಹಾಡಿನ ತಾಳದೊಂದಿಗೇ, ಒಂದಿಷ್ಟೂ ತಪ್ಪದೆ. ನಾನು ತಿರುಗಣೆಯಿಂದ ಕೈ ತೆಗೆದೆ. ಹಾಡು ಮುಗಿದ ಮೇಲೆ ಅವಳು, "ಎರಡನೇ ಚರಣದಲ್ಲಿ ಇವಳು ತಪ್ಪು ಹಾಡ್ತಾಳೆ ರೀ" ಎಂದಳು. ಇಷ್ಟು ಸಿಹಿಯಾದ ವಿಮರ್ಶೆಯನ್ನು ನಾನು ಯಾವ ಪತ್ರಿಕೆಯಲ್ಲೂ ಓದಿಲ್ಲ.

ಉಳಿದದ್ದು ಒಂದೇ ತೊಡಕು. ಅವಳಿಗೆ ಸರಿಯಾದ ಸದ್ದು ನನ್ನ ಕಿವಿಗೆ ಸೂಜಿ. ಬೇರೆ ಬೇರೆ ಹೊತ್ತಿನಲ್ಲಿ ಕೇಳೋಣವೆಂದರೆ ಅವಳು ಒಪ್ಪಲಿಲ್ಲ. ಒಬ್ಬಳೇ ಕೇಳಿದರೆ ತಪ್ಪು ಯಾರಿಗೆ ತೋರಿಸಲಿ ಎಂದಳು. ಮನೆಯೆಲ್ಲ ಸುತ್ತಿ ನಾನು ಕಂಡುಕೊಂಡದ್ದೇನೆಂದರೆ, ಅಡುಗೆಮನೆಯ ಬಾಗಿಲ ಹಿಂದೆ ನಿಂತರೆ ಆ ಚೂಪೆಲ್ಲ ಕಳೆದು ಹಾಡು ಹದವಾಗಿ ಬರುತ್ತದೆ. ಅಲ್ಲೊಂದು ಸ್ಟೂಲು ಹಾಕಿಕೊಂಡೆ. ಅವಳು ಹಾಲಿನಲ್ಲಿ, ನಾನು ಇಲ್ಲಿ, ಹಾಡು ಒಂದೇ. ಸುಮ್ಮನೆ ಕೂತಿದ್ದೇನೆಂದು ಅವಳಿಗೆ ಗೊತ್ತಾಗಲು ಹೆಚ್ಚು ದಿನ ಹಿಡಿಯಲಿಲ್ಲ. "ಹೇಗೂ ಅಲ್ಲೇ ಇದ್ದೀರಲ್ಲ, ಆ ಬೀನ್ಸ್ ಹೆಚ್ಚಿ" ಎಂದು ಹಾಲಿನಿಂದ ಕೂಗಿದಳು. ಈಗ ಭಾನುವಾರದ ಪಲ್ಯ ನನ್ನದೇ. ಚೆನ್ನಾಗಿಯೇ ಮಾಡುತ್ತೇನೆ ಎಂದು ನಾಗುವಿನ ಅಭಿಪ್ರಾಯ. ಉಪ್ಪು ಮಾತ್ರ ಅಳತೆಯಿಲ್ಲದೆ ಕೈಯಂದಾಜಿನಲ್ಲೇ ಹಾಕುತ್ತೇನೆ.